ಪಕ್ಕ ನೋಡುವ ವಯಸ್ಸು

ನನ್ನ ಅಕ್ಕನ ಗಂಡ ಬಸ್ ಡ್ರೈವರು. ವಾರದಲ್ಲಿ ಆರು ದಿನ ಬಸ್ಸು ಓಡಿಸುತ್ತಾರೆ, ಭಾನುವಾರ ರಜಾ. ಆ ರಜಾ ದಿನ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ಅಕ್ಕ ಮಾತು ಬದಲಿಸುತ್ತಿದ್ದಳು. ಭಾವ ರಜಾ ದಿನ ಬಸ್ಸು ಹತ್ತುತ್ತಿದ್ದರು.

ಹತ್ತಿ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗುವುದು, ತಾವು ಓಡಿಸದ ಯಾವುದಾದರೂ ನಂಬರಿನ ಬಸ್ಸು ನೋಡಿಕೊಂಡು ಕೊನೆಯ ಸ್ಟಾಪಿನವರೆಗೆ ಕೂತುಬಿಡುವುದು, ಅಲ್ಲಿ ಇಳಿದು ಒಂದು ಸುತ್ತು ಅಡ್ಡಾಡಿ, ಟೀ ಕುಡಿದು, ಅದೇ ಬಸ್ಸಿನಲ್ಲಿ ವಾಪಸು ಬರುವುದು. ನೌಕರರಿಗೆ ಕೊಡುವ ಪಾಸು ಜೇಬಿನಲ್ಲೇ ಇದ್ದರೂ ಟಿಕೆಟ್ ತೆಗೆದುಕೊಳ್ಳುತ್ತಿದ್ದರು. "ಪಾಸು ಕೆಲಸಕ್ಕೆ, ಇದು ಶೋಕಿಗೆ" ಎನ್ನುತ್ತಿದ್ದರು. ಜೊತೆಗೆ ಅಕ್ಕ. ಅವರಿಬ್ಬರ ಜೊತೆಗೆ ನಾನು. ನನ್ನ ಹೆಂಡತಿ ಒಂದೇ ಸಲ ಬಂದವಳು ಇನ್ನು ಸಾಕು ಎಂದಳು. "ಬಸ್ಸು ಹತ್ತಿದರೆ ನನಗೆ ತಲೆ ಸುತ್ತುತ್ತೆ. ನಿಮ್ಮ ಭಾವ ಮಾತಿಗೆ ಶುರು ಮಾಡಿದ್ರೆ ಬಸ್ಸೇ ಸುತ್ತುತ್ತೆ."

ಒಮ್ಮೆ ನಾನೇ ಕೇಳಿದೆ: "ಅಲ್ಲ ಭಾವ, ಆರು ದಿನ ಅದರಲ್ಲೇ ಕೂತದ್ದು ಸಾಲದಾ ನಿಮಗೆ?"

"ಅದು ಓಡಿಸೋದು ಕಣಯ್ಯಾ, ಇದು ಹೋಗೋದು. ಇಪ್ಪತ್ತೇಳು ವರ್ಷ ಮುಂದೆ ನೋಡಿದೀನಿ. ಮುಂದೆ ಏನಿರುತ್ತೆ ಹೇಳು? ಇನ್ನೊಂದು ಬಸ್ಸಿನ ಬೆನ್ನು. ಈಗ ನಮಗೆ ಪಕ್ಕ ನೋಡೋ ವಯಸ್ಸು."

ಆ ಮಾತು ನನ್ನಲ್ಲಿ ಉಳಿದುಹೋಯಿತು. ಐವತ್ತರ ಆಚೀಚೆ ಎಲ್ಲರೂ ಏನಾದರೊಂದು ಹಚ್ಚಿಕೊಳ್ಳುತ್ತಾರೆ. ನಾನು ಕೆಲಸ ಮಾಡುವ ಗ್ರಂಥಾಲಯದಲ್ಲೇ ಒಬ್ಬರು ಗಿಟಾರು ಕೊಂಡು ಎರಡು ವರ್ಷದಿಂದ ತಂತಿ ಬಿಗಿಮಾಡುತ್ತಿದ್ದಾರೆ. ಹಾಡು ಇನ್ನೂ ಬಂದಿಲ್ಲ. ಇನ್ನೊಬ್ಬರು ತಾರಸಿಯ ಮೇಲೆ ಗಿಡ ಬೆಳೆಸಲು ಹೋಗಿ ಪಾರಿವಾಳ ಸಾಕಿದ್ದಾರೆ. ನಾನು ನಡಿಗೆಗೆಂದು ಬೂಟು ತಂದೆ. ಅದು ಅಂಗಡಿಯಿಂದ ಮನೆಗೆ ನಡೆದದ್ದೇ ನಡೆದದ್ದು. ನಡುವಯಸ್ಸು ಎಂದು ಹೆಸರಿಟ್ಟವರು ಅನುಭವಸ್ಥರು, ಆ ವಯಸ್ಸಿನಲ್ಲಿ ಮೊದಲು ನೋಯುವುದು ನಡುವೇ. ಇವರೆಲ್ಲರ ನಡುವೆ ಹವ್ಯಾಸವೆಂಬ ಹೆಸರಿಗೆ ತಕ್ಕದ್ದೇನಾದರೂ ಇದ್ದರೆ ಅದು ಭಾವನದು ಒಂದೇ ಎಂದು ನನಗೆ ಅನ್ನಿಸುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಭಾವನ ಭಾವಚಿತ್ರ ಅನ್ನಬಹುದು. ಇಂಥ ಮಾತಿಗೆ ಅಕ್ಕ ನನ್ನ ತಲೆಗೆ ಮೊಟಕುತ್ತಾಳೆ, ಓದುವವರೂ ಮನಸ್ಸಿನಲ್ಲೇ ಒಂದು ಮೊಟಕಿ ಮುಂದೆ ಹೋಗಲಿ.

ಈ ಪ್ರವಾಸಕ್ಕೆ ಒಂದು ಆಟವೂ ಇತ್ತು. ಅಕ್ಕ ಎಡಗಡೆಯ ಕಿಟಕಿ, ಭಾವ ಬಲಗಡೆಯ ಕಿಟಕಿ, ನಡುವಿನ ಓಣಿಯ ಪಕ್ಕ ತೀರ್ಪುಗಾರನಾಗಿ ನಾನು. ಕೊನೆಯ ಸ್ಟಾಪಿನಲ್ಲಿ ಟೀ ಬಂದಮೇಲೆ ಇಬ್ಬರೂ ತಮ್ಮ ತಮ್ಮ ಕಡೆ ಕಂಡ ಐದೈದು ಸಂಗತಿ ಹೇಳಬೇಕು. ವಾಪಸು ಬರುವಾಗ ಯಾರೂ ಜಾಗ ಬದಲಿಸುವ ಹಾಗಿಲ್ಲ. ಬಸ್ಸು ತಿರುಗಿರುತ್ತದಲ್ಲ, ಹೋಗುವಾಗ ಅಕ್ಕನ ಕಡೆ ಇದ್ದದ್ದು ಬರುವಾಗ ಭಾವನ ಕಡೆ ಬರುತ್ತದೆ. ಆಗ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕಣ್ಣಾರೆ ಪರೀಕ್ಷಿಸುವುದು.

"ಮೂರು ಕಾಲಿನ ಕುರ್ಚಿ ಮೇಲೆ ಕೂತು ಕ್ಷೌರ ಮಾಡಿಸ್ಕೋತಿದ್ದ ಒಬ್ಬ," ಎನ್ನುತ್ತಿದ್ದಳು ಅಕ್ಕ.

"ಸುಳ್ಳು ಬಿಡೇ. ಮೂರು ಕಾಲಿನ ಕುರ್ಚಿ ಮೇಲೆ ಹೇಗೆ ಕೂರ್ತಾನೆ?"

"ನಾಲ್ಕನೇದು ಇಟ್ಟಿಗೆ ರೀ. ಬರ್ತಾ ನೀವೇ ನೋಡಿ."

ಬರುತ್ತಾ ಭಾವ ನೋಡುತ್ತಿದ್ದರು. ಇಟ್ಟಿಗೆ ಇರುತ್ತಿತ್ತು. ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿ ನಗುತ್ತಿದ್ದಳು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾದವರು ಒಬ್ಬರ ಮಾತನ್ನೊಬ್ಬರು ಇಷ್ಟು ಆಸಕ್ತಿಯಿಂದ ಅನುಮಾನಿಸುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಡಿಪೋದಲ್ಲಿ ಭಾವನಿಗೆ 'ಕನ್ನಡಿ' ಎಂದು ಅಡ್ಡಹೆಸರು. ಬೆಳಿಗ್ಗೆ ಬಸ್ಸು ತೆಗೆಯುವ ಮೊದಲು ಎರಡು ಪಕ್ಕದ ಕನ್ನಡಿಗಳನ್ನೂ ತಮ್ಮದೇ ಬಟ್ಟೆಯಿಂದ ಒರೆಸುತ್ತಿದ್ದರು. ಇಪ್ಪತ್ತೇಳು ವರ್ಷದಲ್ಲಿ ಒಂದು ಅಪಘಾತವಿಲ್ಲ, ಒಂದು ಗೀರು ಇಲ್ಲ. ಮೂವತ್ತು ವರ್ಷ ಹಾಗೆ ಓಡಿಸಿದವರ ಹೆಸರನ್ನು ಡಿಪೋದ ಬಾಗಿಲ ಮೇಲಿನ ಕರಿ ಹಲಗೆಯಲ್ಲಿ ಬಿಳಿ ಬಣ್ಣದಿಂದ ಬರೆಸುತ್ತಾರೆ. ಈವರೆಗೆ ನಾಲ್ಕೇ ಹೆಸರು. ಐದನೆಯದಕ್ಕೆ ಬಿಟ್ಟ ಜಾಗವನ್ನು ಭಾವ ನನಗೆ ಒಂದು ಸಲ ತೋರಿಸಿದ್ದರು. ಗದ್ದ ಎತ್ತಿ ತೋರಿಸಿದರು ಅಷ್ಟೆ. ಚಾಲಕರಾಗಿದ್ದರೂ ಚಾಲಾಕಿ ಗೊತ್ತಿಲ್ಲದ ಮನುಷ್ಯ.

ಆ ಡಿಪೋದ ಇನ್ನೊಂದು ಪದ್ಧತಿ ಹೇಳಬೇಕು. ಡ್ರೈವರುಗಳಿಗೆ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ. ಡಾಕ್ಟರ ಕೋಣೆಯ ಗೋಡೆಗೆ ಒಂದು ಅಕ್ಷರಗಳ ಹಲಗೆ. ಅದನ್ನು ಯಾವ ಕಾಲದಲ್ಲಿ ಮೊಳೆ ಹೊಡೆದರೋ, ಇವತ್ತಿಗೂ ಬದಲಾಗಿಲ್ಲ. ಮೇಲೆ ದೊಡ್ಡದಾಗಿ ಅ. ಅದರ ಕೆಳಗೆ ರ, ಸ. ಆಮೇಲೆ ನ, ಗ, ದ. ಹೀಗೇ ಸಣ್ಣದಾಗುತ್ತಾ ಕೊನೆಯ ಸಾಲಿಗೆ ಇರುವೆ ಗಾತ್ರ. ಇಡೀ ಹಲಗೆಯನ್ನು ಯಾರೋ ಪುಣ್ಯಾತ್ಮರು ಒಂದು ಪದವಾಗಿ ಕಟ್ಟಿದ್ದರು: "ಅರಸ ನಗದ, ಮಗಳ ಸರ, ಕದ ತಗದ." ಹೊಸದಾಗಿ ಸೇರಿದ ಡ್ರೈವರಿಗೆ ಹಿರಿಯರು ಮೊದಲು ಕಲಿಸುತ್ತಿದ್ದದ್ದು ಇದನ್ನು, ಗೇರು ಆಮೇಲೆ. ಅರಸ ಯಾಕೆ ನಗಲಿಲ್ಲ, ಮಗಳ ಸರ ಏನಾಯಿತು, ಕದ ತೆಗೆದವರು ಯಾರು ಎಂದು ಯಾರೂ ವಿಚಾರಿಸಲಿಲ್ಲ. ಕ್ಯಾಂಟೀನಿನಲ್ಲಿ ಎದುರು ಸಿಕ್ಕರೆ ಅದೇ ನಮಸ್ಕಾರ. ಒಬ್ಬ "ಅರಸ ನಗದ!" ಎಂದರೆ ಇನ್ನೊಬ್ಬ "ಮಗಳ ಸರ!" ಹೀಗಾಗಿ ಆ ಡಿಪೋದಲ್ಲಿ ಕಣ್ಣಿನ ಪರೀಕ್ಷೆಯಲ್ಲಿ ಫೇಲಾದವರೇ ಇಲ್ಲ. ಒಬ್ಬರು ಕನ್ನಡಕವನ್ನು ಮನೆಯಲ್ಲಿ ಮರೆತು, ಹಲಗೆ ಇಲ್ಲದ ಗೋಡೆಯ ಕಡೆ ತಿರುಗಿ ನಿಂತು ಐದೂ ಸಾಲು ಹೇಳಿ ಪಾಸಾದರಂತೆ.

ಭಾವ ಮಾತ್ರ ಅದನ್ನು ಕಲಿಯಲಿಲ್ಲ. ಕಿವಿಗೆ ಬಿದ್ದದ್ದನ್ನು ಮರೆಯಲಾಗದಿದ್ದರೂ, ಪರೀಕ್ಷೆಯ ದಿನ ಒಂದೊಂದೇ ಅಕ್ಷರವನ್ನು ಕಣ್ಣಿಟ್ಟು ನೋಡಿ, ಕಂಡಮೇಲೆ ಹೇಳುತ್ತಿದ್ದರು. "ನಾನು ಓದ್ತೀನಿ, ಒಪ್ಪಿಸಲ್ಲ" ಎನ್ನುತ್ತಿದ್ದರು. ಕಾನ್ವೆಂಟಿನಲ್ಲಿ ಹತ್ತು ವರ್ಷ ಅರ್ಥ ತಿಳಿಯದ್ದನ್ನೆಲ್ಲ ಸಿಸ್ಟರ ಮುಂದೆ ಒಪ್ಪಿಸಿ ಪಾಸಾದ ನನಗೆ ಈ ಮಾತು ಸ್ವಲ್ಪ ಚುಚ್ಚುತ್ತಿತ್ತು.

ಕಳೆದ ವರ್ಷ ಒಂದೊಂದಾಗಿ ಕೆಲವು ಸಣ್ಣ ಸಂಗತಿಗಳು ಕಂಡವು. ಸಣ್ಣವಾದ್ದರಿಂದ ಸಾಲಾಗಿ ಕಾಣಲಿಲ್ಲ. ಕೊನೆಯ ಸ್ಟಾಪಿನ ಬೆಂಚಿನ ಮೇಲೆ ಭಾವನ ಎಡಕ್ಕೆ ಇಟ್ಟ ಟೀ ಲೋಟ ಎರಡು ಭಾನುವಾರ ಉರುಳಿತು. ಮನೆಯಲ್ಲಿ ಬಾಗಿಲ ಚೌಕಟ್ಟಿಗೆ ಎಡ ಭುಜ ತಾಗಿತು. ಭಾವ ಕಾಲು ಮುಗ್ಗರಿಸಿದಾಗಲೆಲ್ಲ ಎಡಗಡೆಯೇ. ಎಡವುವುದು ಎಂಬ ಮಾತು ಎಡದಿಂದಲೇ ಹುಟ್ಟಿತೋ ಏನೋ ಎಂದು ನಾನು ತಮಾಷೆ ಮಾಡಿದೆ. ಭಾವ ನಕ್ಕರು, ಅಕ್ಕ ನಗಲಿಲ್ಲ. ಆಟದಲ್ಲಿ ಭಾವ ಹೇಳುತ್ತಿದ್ದ ಐದು ಸಂಗತಿ ನಾಲ್ಕಾಯಿತು, ಆಮೇಲೆ ಮೂರು. "ಇವತ್ತು ನನ್ನ ಕಡೆ ಬರೀ ಗೋಡೆ ಕಣೇ" ಎನ್ನುತ್ತಿದ್ದರು. ವಾಪಸು ಬರುವಾಗ ಆ ಕಡೆ ಅಕ್ಕನಿಗೆ ಒಂದು ಸಂತೆಗಾಗುವಷ್ಟು ಕಾಣುತ್ತಿತ್ತು. ಅವಳು ಅದನ್ನು ಹೇಳುತ್ತಿರಲಿಲ್ಲ. "ಹೌದು ರೀ, ಗೋಡೆನೇ" ಎನ್ನುತ್ತಿದ್ದಳು. ತೀರ್ಪುಗಾರನಾಗಿ ನಾನು ಸುಮ್ಮನಿದ್ದದ್ದು ತಪ್ಪು.

ಇನ್ನೊಂದನ್ನು ನಾನು ತಡವಾಗಿ ಗಮನಿಸಿದೆ. ಮದುವೆಯಾದಾಗಿನಿಂದ ಅಕ್ಕ ಭಾವನ ಬಲಕ್ಕೆ ನಡೆಯುತ್ತಿದ್ದಳು. ಯಾವ ಫೋಟೋ ತೆಗೆದು ನೋಡಿದರೂ ಹಾಗೇ. ಈಗ ಅವಳು ಎಡಕ್ಕೆ ಬಂದಿದ್ದಳು. ರಸ್ತೆ ದಾಟುವಾಗ, ಮೆಟ್ಟಿಲು ಇಳಿಯುವಾಗ, ಸ್ಟ್ಯಾಂಡಿನ ಜನಜಂಗುಳಿಯಲ್ಲಿ, ಒಂದು ಹೆಜ್ಜೆ ಮುಂದೆ, ಎಡಕ್ಕೆ. ಊಟದ ಮೇಜಿನಲ್ಲಿ ಕೂಡ ಕುರ್ಚಿ ಬದಲಾಗಿತ್ತು.

"ಏನಕ್ಕಾ, ಪಕ್ಷ ಬದಲಾಯಿಸಿದ್ದೀಯ?" ಎಂದೆ.

"ನಿನಗೆ ಬೇರೆ ಕೆಲಸ ಇಲ್ವಾ? ಬಲಗಡೆ ಬಿಸಿಲು ಬರುತ್ತೆ" ಎಂದಳು. ಆಗ ಸಂಜೆ ಆರು ಗಂಟೆ, ಮೋಡ ಬೇರೆ.

ಆಮೇಲೆ ದೂರು ಬಂತು.

ಭಾವನ ರೂಟಿನಲ್ಲಿ ಕೆಲವು ಸ್ಟಾಪುಗಳಲ್ಲಿ ಯಾರಾದರೂ ಕೈ ಅಡ್ಡ ಹಾಕಿದರೆ ಮಾತ್ರ ಬಸ್ಸು ನಿಲ್ಲುತ್ತದೆ. ಅಂಥ ಒಂದು ಸ್ಟಾಪಿನ ಹತ್ತಿರ ಹೊಲಿಗೆ ಶಾಲೆ ಇದೆ. ಅಲ್ಲಿಯ ಟೀಚರು ಬರೆದು ಕಳಿಸಿದ್ದರು: "ನಾನು ಕೈ ಅಡ್ಡ ಹಾಕಿ ನಿಂತಿದ್ದೆ. ಡ್ರೈವರು ನೋಡಿಯೂ ನೋಡದವರ ಹಾಗೆ ಹೋದರು."

ಭಾವನಿಗೆ ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಕೈ ತೋರಿಸಿದವರನ್ನು ಬಿಟ್ಟು ಹೋಗುವುದೆಂದರೆ, ಮಾತಾಡಿಸಿದವರಿಗೆ ಮುಖ ತಿರುಗಿಸಿದ ಹಾಗೆ ಎಂದು ಅವರೇ ಹೊಸಬರಿಗೆ ಹೇಳುತ್ತಿದ್ದರು. ಕಂಡಕ್ಟರನ್ನು ಕೇಳಿದರೆ "ಹಿಂದೆ ರಶ್ಶಲ್ಲಿದ್ದೆ ಸಾರ್, ನೋಡಲಿಲ್ಲ" ಎಂದ. ಭಾವ ಡಿಪೋ ಮ್ಯಾನೇಜರ ಮುಂದೆ ನಿಂತು, "ಸಾರ್, ಅಲ್ಲಿ ಯಾರೂ ಇರಲಿಲ್ಲ" ಎಂದರು. ಟೀಚರಿಗೆ ಕಳಿಸುವ ಉತ್ತರಕ್ಕೆಂದು ಅದನ್ನೇ ಬರೆದು ಸಹಿಯನ್ನೂ ಹಾಕಿಕೊಟ್ಟರು.

ಮ್ಯಾನೇಜರು ದೂರಿನ ಕಾಗದವನ್ನು ಅಲ್ಲೇ ಹರಿದರಂತೆ. "ಕನ್ನಡಿ ಅವರೇ, ನಿಮ್ಮ ಮಾತಿಗೆ ಸಾಕ್ಷಿ ಕೇಳಿದ್ರೆ ನನ್ನ ಬಾಯಿಗೆ ಹುಳ ಬೀಳುತ್ತೆ. ಹೋಗಿ, ಗಾಡಿ ತೆಗೀರಿ."

ಎರಡು ತಿಂಗಳಿಗೆ ಇನ್ನೊಂದು ದೂರು. ಬೇರೆ ಸ್ಟಾಪು, ಬೇರೆ ಜನ, ಅದೇ ಮಾತು. ಮತ್ತೆ ಒಂದು. ಮೂರನ್ನೂ ಮ್ಯಾನೇಜರು ಹರಿದರು. ಭಾವ ಮಾತು ಕಮ್ಮಿ ಮಾಡಿದರು. "ಜನ ಯಾಕೆ ಹೀಗೆ ಸುಳ್ಳು ಹೇಳ್ತಾರೆ?" ಎಂದು ಒಂದು ದಿನ ನನ್ನನ್ನು ಕೇಳಿದರು. "ನಾನು ಅವರಿಗೆ ಏನು ಮಾಡಿದೀನಿ?" ಆ ಪ್ರಶ್ನೆಯಲ್ಲಿ ಸಿಟ್ಟು ಇರಲಿಲ್ಲ. ಅಕ್ಕ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಆ ವರ್ಷದ ಕಣ್ಣಿನ ಪರೀಕ್ಷೆ ಮಂಗಳವಾರಕ್ಕೆ ನಿಗದಿಯಾಗಿತ್ತು. ಅದರ ಹಿಂದಿನ ಭಾನುವಾರ ನಾವು ಊರಾಚೆಯ ನೀರಿನ ಟ್ಯಾಂಕಿನವರೆಗೆ ಹೋಗುವ ಬಸ್ಸು ಹಿಡಿದೆವು. ಕೊನೆಯ ಸ್ಟಾಪೆಂದರೆ ಒಂದು ಬಯಲು, ಬಸ್ಸು ತಿರುಗಿಸಲು ಬಿಟ್ಟ ಮಣ್ಣಿನ ವೃತ್ತ, ಒಂದು ಟೀ ಅಂಗಡಿ, ಒಂದು ಸಿಮೆಂಟು ಬೆಂಚು. ಭಾವ ಬೆಂಚಿನ ಮೇಲೆ ಕೂತು ನಿಂತ ಬಸ್ಸನ್ನೇ ನೋಡುತ್ತಾ, ಅದರ ಮುಂದಿನ ಟೈರಿನ ಬಗ್ಗೆ ನನಗೆ ಏನೋ ಹೇಳುತ್ತಿದ್ದರು. ಟೀ ಬಂತು. ಅಕ್ಕನ ಲೋಟ ನನ್ನ ಕೈಯಲ್ಲೇ ಉಳಿಯಿತು.

ಅವಳು ಎದ್ದು ಭಾವನ ಎಡಕ್ಕೆ ಹೋಗಿ ನಿಂತಿದ್ದಳು. ಬೆಂಚಿನಿಂದ ನಾಲ್ಕು ಹೆಜ್ಜೆ ದೂರ, ಸ್ವಲ್ಪ ಮುಂದಕ್ಕೆ. ಒಂದು ಕೈಯಲ್ಲಿ ಚೀಲ. ಇನ್ನೊಂದು ಕೈಯನ್ನು ಚಾಚಿ ಅಡ್ಡ ಹಿಡಿದಿದ್ದಳು, ಬಸ್ಸು ನಿಲ್ಲಿಸುವವರ ಹಾಗೆ.

ನಾನು ಬಾಯಿ ತೆರೆದೆ. ಅವಳು ನನ್ನ ಕಡೆ ಬೇಡ ಎಂದು ತಲೆಯಾಡಿಸಿದಳು.

ಭಾವ ಟೈರು ಮುಗಿಸಿ ಬ್ರೇಕಿಗೆ ಬಂದರು. ಅರ್ಧ ಟೀ ಕುಡಿದರು. ಅಕ್ಕನ ಕೈ ಚಾಚಿಕೊಂಡೇ ಇತ್ತು. ಟೀ ಅಂಗಡಿಯವನು ಅವಳನ್ನೂ ನಿಂತ ಬಸ್ಸನ್ನೂ ನೋಡಿ, ಈ ಹೆಂಗಸಿಗೆ ಏನಾಗಿದೆ ಎಂಬಂತೆ ನನ್ನ ಮುಖ ನೋಡಿದ.

"ಎಲ್ಲಿ ಹೋದಳಯ್ಯ ನಿಮ್ಮಕ್ಕ?" ಎಂದರು ಭಾವ. "ಟೀ ಆರುತ್ತೆ."

"ಇಲ್ಲೇ ಇದೀನಿ ರೀ," ಎಂದಳು ಅಕ್ಕ.

ಭಾವ ಬೆಚ್ಚಿ ತಲೆ ತಿರುಗಿಸಿದರು. ಆಗ ಕಂಡಳು.

"ಏನೇ ಅದು? ಕೈ ಯಾಕೆ ಹಾಗೆ ಇಟ್ಕೊಂಡಿದೀಯ?"

"ಬಸ್ಸಿಗೆ ಅಡ್ಡ ಹಾಕಿದೀನಿ. ನಿಲ್ಲಿಸಲೇ ಇಲ್ಲ ನೀವು."

ಭಾವನಿಗೆ ತಕ್ಷಣ ತಿಳಿಯಲಿಲ್ಲ. ಅಕ್ಕನ ಕೈ ನೋಡಿದರು, ನನ್ನ ಮುಖ ನೋಡಿದರು. ನಾನು ಟೀ ಲೋಟ ನೋಡಿದೆ. ಆಮೇಲೆ ಅವರು ತಮ್ಮ ಲೋಟವನ್ನು ನೆಲದ ಮೇಲೆ ಇಟ್ಟರು, ನಿಧಾನವಾಗಿ, ಬಲಗಡೆ.

"ಎಷ್ಟು ಹೊತ್ತಿಂದ?"

"ಟೀ ಬಂದಾಗಿಂದ."

ಭಾವ ಎದ್ದು ನಿಂತರು. "ಹಿಂದಕ್ಕೆ ಹೋಗು," ಎಂದರು. ದನಿ ಡ್ಯೂಟಿಯ ಮೇಲಿದ್ದವರದು. "ನನ್ನ ಬೆನ್ನ ಹಿಂದಿನಿಂದ ಎಡಗಡೆ ನಡ್ಕೊಂಡು ಬಾ. ನಾನು 'ನಿಲ್ಲು' ಅಂದಾಗ ನಿಲ್ಲು." ತಾವು ಬಸ್ಸಿನ ಕಡೆ ನೆಟ್ಟ ನೋಟದಿಂದ ನಿಂತರು. ಅಕ್ಕ ನಡೆದಳು. ಭುಜದ ನೇರಕ್ಕೆ ಬಂದಳು, ದಾಟಿದಳು, ಇನ್ನೂ ಮುಂದೆ ಹೋದಳು. ಇನ್ನೇನು ಕಣ್ಣೆದುರಿಗೇ ಬಂದಳು ಅನ್ನುವಾಗ ಭಾವ "ನಿಲ್ಲು" ಎಂದರು.

ಅವಳು ನಿಂತ ಜಾಗ ನೋಡಿದರು. ಅಲ್ಲಿಂದ ತಮ್ಮ ಭುಜದವರೆಗೆ ಇದ್ದ ಜಾಗವನ್ನು ಕಣ್ಣಿನಲ್ಲೇ ಅಳೆದರು. ಅಗಲವಾದ ಜಾಗ. ಅಲ್ಲಿ ಹುಲ್ಲು, ಒಂದು ಹಳೆಯ ಟೈರು, ಟೀ ಅಂಗಡಿಯ ಬೆಕ್ಕು.

"ಇಷ್ಟರಲ್ಲಿ ಒಂದು ಸ್ಕೂಲೇ ನಿಲ್ಲುತ್ತಲ್ಲೇ," ಎಂದರು.

ವಾಪಸು ಬರುವ ಬಸ್ಸಿನಲ್ಲಿ ಆಟ ಇರಲಿಲ್ಲ. ಭಾವ ಕಿಟಕಿ ಬಿಟ್ಟು ನನ್ನ ಜಾಗದಲ್ಲಿ, ಓಣಿಯ ಪಕ್ಕ ಕೂತರು. ಅಕ್ಕ ಅವರ ಪಕ್ಕ, ನಾನು ಹಿಂದಿನ ಸೀಟು. ಬಹಳ ಹೊತ್ತಿನ ಮೇಲೆ ಭಾವ ಹೇಳಿದ್ದು ಕೇಳಿಸಿತು.

"ಇನ್ನು ಮೂರೇ ವರ್ಷ ಕಣೇ ಹಲಗೆಗೆ."

"ಗೊತ್ತು."

"ನಿನಗೆ ಯಾವಾಗ ತಿಳೀತು?"

"ಎಂಟು ತಿಂಗಳಾಯ್ತು. ಮಾರ್ಕೆಟ್‌ನಲ್ಲಿ ಸೈಕಲ್‌ನವನು ನಿಮಗೆ ಬಡೀತಿದ್ದ. ಅವತ್ತು ನಾನು ಎಳ್ಕೊಂಡೆ."

"ಹೇಳಬಾರದಿತ್ತಾ?"

"ಹೇಗೆ ಹೇಳಲಿ? ನಿಮ್ಮ ಹತ್ರ ಇರೋದೇ ಆ ಒಂದು ಹೆಸರು." ಕಿಟಕಿಯ ಕಡೆ ತಿರುಗಿ ಹೇಳಿದಳು: "ಎಡಗಡೆ ನಡೆದೂ ನಡೆದೂ ಇಷ್ಟು ದಿನ ಮುಚ್ಚಿಟ್ಟೆ. ನಿಮ್ಮ ಬಸ್ಸಿನ ಎಡಗಡೆ ಓಡೋಕಾಗುತ್ತಾ ನನ್ನ ಕೈಲಿ?"

ಬಸ್ಸು ಎರಡು ಸ್ಟಾಪು ದಾಟಿತು.

"ಮಂಗಳವಾರ ಪಾಸಾಗ್ತೀನಲ್ಲೇ ನಾನು," ಎಂದರು ಭಾವ. "ಮುಂದಿನದು ಚೆನ್ನಾಗೇ ಕಾಣುತ್ತೆ. ಕೊನೇ ಸಾಲಿನವರೆಗೂ ಓದ್ತೀನಿ."

"ಪಾಸಾಗ್ತೀರಿ ರೀ. ಅದೇ ನನ್ನ ಭಯ."

ಮರುದಿನ ಸೋಮವಾರ ಭಾವ ಡ್ಯೂಟಿಗೆ ಹೋಗಲಿಲ್ಲ. ಜ್ವರ ಎಂದು ಹೇಳಿ ಕಳಿಸಿದರು. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ನನಗೆ ಗೊತ್ತಿರುವ ಅವರ ಒಂದೇ ಸುಳ್ಳು ಅದು.

ಮಂಗಳವಾರ ಅಕ್ಕ ನನಗೆ ಫೋನು ಮಾಡಿ, "ನೀನು ಜೊತೆಗೆ ಹೋಗು, ಏನೂ ಮಾತಾಡಬೇಡ, ಶ್ಲೇಷೆ ಗೀಷೆ ಅಂತೂ ಬೇಡವೇ ಬೇಡ" ಎಂದಳು. ಅರ್ಧ ದಿನ ರಜಾ ಹಾಕಿ ಹೋದೆ. ಭಾವ ಏನು ಮಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ಹೇಳಿದಳು.

ಡಾಕ್ಟರ ಕೋಣೆಯ ಹೊರಗೆ ಹತ್ತು ಹನ್ನೆರಡು ಮಂದಿ ಡ್ರೈವರುಗಳು ಸಾಲಾಗಿ ನಿಂತಿದ್ದರು. ಡೀಸೆಲ್ ಮತ್ತು ಸೋಪಿನ ವಾಸನೆ. ಭಾವನನ್ನು ಕಂಡದ್ದೇ ಒಬ್ಬ ದಪ್ಪ ಮೀಸೆಯವನು "ಅರಸ ನಗದ!" ಎಂದ. ಭಾವ ನಗಲಿಲ್ಲ. "ಅರಸ ನಿಜವಾಗ್ಲೂ ನಗದ ಇವತ್ತು," ಎಂದ ಇನ್ನೊಬ್ಬ. "ಜ್ವರ ಅಲ್ವೇನೋ ಅಣ್ಣಂಗೆ, ಬಿಡ್ರೋ."

ಬಾಗಿಲು ತೆರೆದೇ ಇತ್ತು. ಭಾವ ಸ್ಟೂಲಿನ ಮೇಲೆ ಕೂತರು. ಡಾಕ್ಟರು ತಲೆ ಎತ್ತದೆ ಬೆರಳಿನಿಂದ ಗೋಡೆ ತೋರಿಸಿದರು. ಭಾವ ಒಂದೊಂದೇ ಅಕ್ಷರ ಓದಿದರು. ಯಾವಾಗಿನ ಹಾಗೇ, ಕಣ್ಣಿಟ್ಟು, ಕಂಡಮೇಲೆ. ಕೊನೆಯ ಸಾಲಿಗೆ ಬಂದರು. "ಕ. ದ. ತ. ಗ. ದ." ಒಂದೂ ತಪ್ಪಿಲ್ಲ. ಡಾಕ್ಟರು ಫಾರಮಿನ ಮೇಲೆ ಠಸ್ಸೆ ಒತ್ತಿದರು. "ಪಾಸ್. ಮುಂದಿನವರು ಬನ್ನಿ."

ಭಾವ ಏಳಲಿಲ್ಲ.

ಏಳಬಹುದಿತ್ತು. ಎದ್ದಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಠಸ್ಸೆಯ ಶಾಯಿ ಇನ್ನೂ ಹಸಿ.

"ಡಾಕ್ಟ್ರೇ, ಇನ್ನೊಂದು ಪರೀಕ್ಷೆ ಇದೆಯಂತಲ್ಲ. ಪಕ್ಕದ್ದು."

"ಅದು ಈ ಫಾರಮಿನಲ್ಲಿ ಇಲ್ಲ ರೀ."

"ಫಾರಮಿನಲ್ಲಿ ಇಲ್ಲ ಸಾರ್. ರೋಡಲ್ಲಿ ಇದೆ."

ಡಾಕ್ಟರು ಮೊದಲ ಬಾರಿ ತಲೆ ಎತ್ತಿ ಭಾವನ ಮುಖ ನೋಡಿದರು. ಆಮೇಲೆ ಎದ್ದು ಬಂದು ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. ತಮ್ಮ ಮೂಗನ್ನೇ ನೋಡುತ್ತಿರಲು ಹೇಳಿ, ಜೇಬಿನ ಪೆನ್ನು ತೆಗೆದು ಭಾವನ ಎಡ ಕಿವಿಯ ಹತ್ತಿರದಿಂದ ಮೆಲ್ಲಗೆ ಮುಂದಕ್ಕೆ ತಂದರು. "ಕಾಣಿಸಿದ ಕೂಡಲೇ ಹೇಳಿ."

ಸಾಲಿನಲ್ಲಿದ್ದವರೆಲ್ಲ ಬಾಗಿಲಿಗೆ ಬಂದಿದ್ದರು. ಕೆಂಪು ಮುಚ್ಚಳದ ಪೆನ್ನು. ನಮಗೆಲ್ಲ ಕಾಣುತ್ತಿತ್ತು. ಅದು ಕೆನ್ನೆಯ ನೇರಕ್ಕೆ ಬಂತು. ಭಾವ ಮೂಗನ್ನೇ ನೋಡುತ್ತಿದ್ದರು. ದಪ್ಪ ಮೀಸೆಯವನಿಗೆ ತಡೆಯಲಿಲ್ಲ. "ಅಣ್ಣಾ," ಎಂದ ಪಿಸುದನಿಯಲ್ಲಿ, "ಈಗ ಅನ್ನಣ್ಣಾ."

ಇನ್ನೊಬ್ಬ ಕೆಮ್ಮಿದ. ಅದೂ ಸೂಚನೆಯೇ. ಆ ಡಿಪೋದಲ್ಲಿ ಯಾರೂ ಯಾರನ್ನೂ ಆ ಕೋಣೆಯಲ್ಲಿ ಬೀಳಲು ಬಿಟ್ಟವರಲ್ಲ.

"ಯಾರೂ ಹೇಳ್ಕೊಡಬೇಡ್ರಪ್ಪಾ," ಎಂದರು ಭಾವ, ನೋಟ ಕದಲಿಸದೆ. "ನಾನು ಓದೋನು."

ಮತ್ತೆ ಯಾರೂ ಕೆಮ್ಮಲಿಲ್ಲ. ಪೆನ್ನು ಇನ್ನಷ್ಟು ಮುಂದೆ ಬಂತು. ಇನ್ನಷ್ಟು. ಭಾವ "ಈಗ" ಅಂದಾಗ ಅದು ಹೆಚ್ಚುಕಡಿಮೆ ಡಾಕ್ಟರ ಮುಖದ ಮುಂದೆ ಇತ್ತು.

ಡಾಕ್ಟರು ಮತ್ತೆರಡು ಸಲ ನೋಡಿದರು, ಬಲಗಡೆಯೂ ನೋಡಿದರು. ಫಾರಮನ್ನು ತೆಗೆದುಕೊಂಡು ಠಸ್ಸೆಯ ಮೇಲೆ ಒಂದು ಅಡ್ಡಗೆರೆ ಎಳೆದರು.

ದೊಡ್ಡ ಆಸ್ಪತ್ರೆಯಲ್ಲಿ ಅದಕ್ಕೆ ಗ್ಲಾಕೋಮಾ ಎಂದು ಹೆಸರು ಹೇಳಿದರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನೋಟ ಅಂಚಿನಿಂದ ತಿಂದುಕೊಂಡು ಬರುತ್ತದಂತೆ, ನೋವಿಲ್ಲದೆ, ಸದ್ದಿಲ್ಲದೆ. ಎರಡು ಕಣ್ಣಿನಲ್ಲೂ ಇದೆ, ಎಡಕ್ಕೆ ಹೆಚ್ಚು. "ಹೋದದ್ದು ಬರಲ್ಲ, ಇರೋದನ್ನ ಉಳಿಸ್ಕೊಬಹುದು" ಎಂದು ಹನಿಗಳ ಬಾಟಲಿ ಕೊಟ್ಟರು. ನಮ್ಮ ವಯಸ್ಸಿನವರಿಗೆ ಆ ಮಾತನ್ನು ಎಲ್ಲ ಡಾಕ್ಟರುಗಳೂ ಹೇಳುತ್ತಾರೆ, ಬೇರೆ ಬೇರೆ ಅಂಗ ತೋರಿಸಿ.

ಮ್ಯಾನೇಜರು ಭಾವನನ್ನು ಕೂರಿಸಿಕೊಂಡು, "ಪಾಸಾಗಿತ್ತಲ್ರೀ, ಯಾಕೆ ಹೇಳೋಕೆ ಹೋದ್ರಿ?" ಎಂದರಂತೆ. ಭಾವ, "ಸಾರ್, ಆ ಮೂರು ಕಾಗದ ನೀವು ಹರೀಬಾರದಿತ್ತು" ಎಂದರಂತೆ. ಈಗ ಅವರು ಬಸ್ ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಕೂರುತ್ತಾರೆ. ಜನ ಎದುರಿಗೇ ಬಂದು ನಿಂತು ಕೇಳುತ್ತಾರೆ. ಮತ್ತೆ ಮುಂದೆ ನೋಡುವ ಕೆಲಸವೇ. ಹಲಗೆಯ ಐದನೆಯ ಜಾಗ ಖಾಲಿ ಇದೆ. ಅದರ ಕೆಳಗೆ ಹಾದುಹೋಗುವಾಗ ಭಾವ ಗದ್ದ ಎತ್ತುವುದಿಲ್ಲ. ಮೊದಲ ಒಂದು ತಿಂಗಳು ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಹೋಗಬೇಕಾದ್ದಿಲ್ಲ ಎಂದು ನೆನಪಾಗಿ, ಹಾಸಿಗೆಯ ಅಂಚಿನಲ್ಲಿ ಸುಮ್ಮನೆ ಕೂತಿರುತ್ತಿದ್ದರು ಎಂದು ಅಕ್ಕ ಹೇಳಿದಳು. ಕನ್ನಡಿ ಒರೆಸುತ್ತಿದ್ದ ಬಟ್ಟೆಯನ್ನು ತೊಳೆದು ಮಡಿಸಿ ಕಪಾಟಿನಲ್ಲಿ ಇಟ್ಟಿದ್ದಾಳೆ. ಅವರು ಕೇಳಿಲ್ಲ.

ಎರಡು ತಿಂಗಳು ಭಾನುವಾರಗಳು ಹಾಗೇ ಕಳೆದವು. ಮೂರನೆಯ ತಿಂಗಳು ಭಾವನೇ ಫೋನು ಮಾಡಿದರು. "ಶನಿವಾರ ಮಧ್ಯಾಹ್ನ ಬಿಡುವಿದೆಯೇನಯ್ಯಾ? ಒಂದು ಕಡೆ ಹೋಗೋದಿದೆ. ಕೊನೇ ಸ್ಟಾಪಿಗೆ ಅಲ್ಲ."

ತಮ್ಮದೇ ಹಳೆಯ ರೂಟಿನ ಬಸ್ಸು ಹತ್ತಿದರು. ಹೊಸ ಡ್ರೈವರು ಎದ್ದು ನಿಲ್ಲಲು ಹೋದಾಗ "ಕೂತ್ಕೊಳ್ಳಪ್ಪಾ, ಗಾಡಿ ಮೇಲೆ ಗಮನ ಇಡು" ಎಂದರು. ಹೊಲಿಗೆ ಶಾಲೆಯ ಸ್ಟಾಪಿನಲ್ಲಿ ಮೂವರೂ ಇಳಿದೆವು.

ಉದ್ದನೆಯ ಕೋಣೆ, ಎರಡು ಸಾಲು ಹೊಲಿಗೆ ಮಿಷನ್ನು, ನೆಲದ ತುಂಬ ಬಟ್ಟೆಯ ಚೂರು. ತರಗತಿ ಬಿಟ್ಟಿತ್ತು. ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡ ಟೀಚರು ಒಬ್ಬರೇ ಒಂದು ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದರು. ನಮ್ಮದೇ ವಯಸ್ಸು. ಸಣ್ಣಗೆ, ಬೂದು ಬಣ್ಣದ ಉಡುಪು, ಒಮ್ಮೆ ನೋಡಿದರೆ ಮತ್ತೆ ನೆನಪಿಟ್ಟುಕೊಳ್ಳುವುದು ಕಷ್ಟ ಎನ್ನಿಸುವ ಮುಖ.

ಭಾವ ಬಾಗಿಲಲ್ಲೇ ನಿಂತರು. "ಮೇಡಂ, ನಾನು ಈ ರೂಟಿನ ಬಸ್ಸು ಓಡಿಸ್ತಿದ್ದೋನು. ಹೋದ ವರ್ಷ ನೀವೊಂದು ದೂರು ಕೊಟ್ಟಿದ್ರಿ. ಕೈ ಅಡ್ಡ ಹಾಕಿದ್ರೂ ನಿಲ್ಲಿಸಲಿಲ್ಲ ಅಂತ."

ಟೀಚರು ಎಣ್ಣೆಯ ಡಬ್ಬಿ ಕೆಳಗಿಟ್ಟರು. ಮುಖ ಗಟ್ಟಿಯಾಯಿತು. "ಕೊಟ್ಟಿದ್ದೆ. ಅಲ್ಲಿ ಯಾರೂ ಇರಲಿಲ್ಲ ಅಂತ ಡಿಪೋದಿಂದ ಉತ್ತರ ಬಂತು."

"ಅದನ್ನ ಬರೆದುಕೊಟ್ಟೋನು ನಾನೇ."

"ಈಗೇನು ಬಂದಿದ್ದು?"

ಭಾವ ದಾರಿಯಲ್ಲೆಲ್ಲ ಜೋಡಿಸಿಕೊಂಡು ಬಂದ ಮಾತು ಏನಿತ್ತೋ. ಕಣ್ಣು, ಆಸ್ಪತ್ರೆ, ಹನಿ, ಯಾವುದನ್ನೂ ಹೇಳಲಿಲ್ಲ.

"ನೀವು ಇದ್ರಿ," ಎಂದರು. "ಅದು ಹೇಳೋಕೆ ಬಂದೆ. ನೀವು ಅಲ್ಲಿದ್ರಿ."

ಟೀಚರು ಎಣ್ಣೆ ಹತ್ತಿದ ಬೆರಳನ್ನು ಒಂದು ಬಟ್ಟೆಯ ಚೂರಿಗೆ ಒರೆಸಿಕೊಂಡರು. ಆಮೇಲೆ, "ನಾನಿದ್ದೆ ಅಂತ ನನಗೆ ಗೊತ್ತಿತ್ತಲ್ರೀ," ಎಂದರು. ಸಿಟ್ಟಿನಲ್ಲೇ ಶುರುವಾದ ಮಾತು ಕೊನೆಗೆ ಬರುವಷ್ಟರಲ್ಲಿ ಬೇರೆ ಏನೋ ಆಯಿತು. ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಆ ಉತ್ತರ ಬಂದ ದಿನ ಮನೆಗೆ ಹೋಗಿ ಕನ್ನಡಿ ನೋಡ್ಕೊಂಡೆ. ಅಂಗಡೀಲಿ ನಿಂತ್ರೆ ಹಿಂದೆ ಬಂದೋರಿಗೆ ಮೊದಲು ಕೊಡ್ತಾರೆ. ಮನೇಲಿ ನಾನು ಬಂದದ್ದೂ ಗೊತ್ತಾಗಲ್ಲ, ಹೋದದ್ದೂ ಗೊತ್ತಾಗಲ್ಲ. ಬಸ್ಸಿಗೂ ಕಾಣಿಸ್ತಿಲ್ಲ ಅಂದ್ರೆ ಹೌದೇನೋ ಅನ್ನಿಸಿತ್ತು."

ಅಕ್ಕ ಒಳಗೆ ಹೋಗಿ ಅವರ ಪಕ್ಕದ ಸ್ಟೂಲಿನ ಮೇಲೆ ಕೂತಳು. ಮಿಷನ್ನಿನ ಬಗ್ಗೆ ಏನೋ ಕೇಳಿದಳು. ಟೀಚರು ಏನೋ ಹೇಳಿದರು. ಭಾವ ಬಾಗಿಲಲ್ಲಿ ನಿಂತೇ ಇದ್ದರು, ಕೈ ಕಟ್ಟಿಕೊಂಡು.

ಹೊರಡುವಾಗ ಐದು ಗಂಟೆ. ಟೀಚರೂ ಬಾಗಿಲು ಹಾಕಿಕೊಂಡು ನಮ್ಮ ಜೊತೆಗೇ ಸ್ಟಾಪಿಗೆ ಬಂದರು. ನಾಲ್ವರೂ ಸಾಲಾಗಿ ನಿಂತೆವು, ಅಕ್ಕ ಭಾವನ ಎಡಕ್ಕೆ. ದೂರದಲ್ಲಿ ಬಸ್ಸು ಕಂಡಿತು. ಟೀಚರು ಅಭ್ಯಾಸಬಲದಿಂದ ಕೈ ಎತ್ತಹೋಗಿ ಅರ್ಧಕ್ಕೆ ನಿಲ್ಲಿಸಿದರು.

"ಹಾಕಿ ಮೇಡಂ," ಎಂದರು ಭಾವ. "ಪೂರ್ತಿ ಚಾಚಿ. ಡ್ರೈವರ್‌ಗೆ ಕಾಣೋ ಹಾಗೆ."

ಅವರು ಚಾಚಿದರು. ಭಾವ ಅವರ ಹಿಂದೆ ನಿಂತು ತಮ್ಮ ಕೈಯನ್ನೂ ಚಾಚಿದರು.

ಬಸ್ಸು ನಿಧಾನಿಸಿ, ಎಡಕ್ಕೆ ಬಂದು, ನಮ್ಮ ಮುಂದೆ ಸರಿಯಾಗಿ ಬಾಗಿಲು ಬರುವ ಹಾಗೆ ನಿಂತಿತು. ಭಾವ ಹತ್ತುವ ಮೊದಲು ಒಂದು ಕ್ಷಣ ತಡೆದು, ತಲೆ ಪೂರ್ತಿ ತಿರುಗಿಸಿ, ಎಡಗಡೆ ಇನ್ಯಾರಾದರೂ ಬಾಕಿ ಇದ್ದಾರೆಯೇ ಎಂದು ನೋಡಿದರು.